ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಔಷಧಿಯೇ ಹೆಪ್ಪುಗಟ್ಟಿಸಿದಾಗ



ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಇದು ವಿಜ್ಞಾನ ವಿಭಾಗದವರು ಬರೆಯಬೇಕಾದ ಲೇಖನವಲ್ಲವೇ ಎಂದು ನೀವು ಕೇಳಬಹುದು. ನಮ್ಮ ಜೀವಶಾಸ್ತ್ರದ ಉಪನ್ಯಾಸಕರೂ ಅದನ್ನೇ ಕೇಳಿದರು. ಕಾರಣ ನಮ್ಮ ಬಡೇ ಅಬ್ಬಾ, ಅಂದರೆ ನನ್ನ ತಂದೆಯ ಅಣ್ಣ. ಅವರಿಗೆ ಬಾಳೆಹಣ್ಣಿನ ಮಂಡಿ ಇದೆ, ಅದರ ಲೆಕ್ಕ ಬರೆಯುವುದು ನಾನು. ಕಳೆದ ವರ್ಷ ಅವರಿಗೆ ಬೈಪಾಸ್ ಆಪರೇಷನ್ ಆಯಿತು. ಮನೆಯಲ್ಲಿ ನಮ್ಮದು ಉರ್ದು. ಆಸ್ಪತ್ರೆಯ ಕಾಗದವೆಲ್ಲ ಇಂಗ್ಲಿಷು, ನರ್ಸ್‌ಗಳ ಮಾತೆಲ್ಲ ಕನ್ನಡ. ಹಾಗಾಗಿ ಹದಿನೈದು ದಿನ ಜೊತೆಗಿರುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ನಾನು ನೋಡಿದ ಒಂದು ವಿಚಿತ್ರ ತೊಂದರೆಯನ್ನು ಆಮೇಲೆ ಓದಿ ಅರ್ಥ ಮಾಡಿಕೊಂಡೆ. ಅದನ್ನೇ ಇಲ್ಲಿ ಪಾಠದ ಹಾಗೆ ಬರೆಯುತ್ತಿದ್ದೇನೆ. ಇದು ವೈದ್ಯರ ಸಲಹೆಯಲ್ಲ. ಆದರೆ ವೈದ್ಯರು ಹೇಳುವುದನ್ನು ಅರ್ಥ ಮಾಡಿಕೊಳ್ಳಲು ಸಹಾಯವಾಗಬಹುದು.

ಮೊದಲು ಹೆಪಾರಿನ್ ಎಂದರೇನು ಎಂದು ನೋಡೋಣ. ರಕ್ತವು ರಕ್ತನಾಳದ ಹೊರಗೆ ಬಂದು ಬೇರೆ ವಸ್ತುವನ್ನು ಮುಟ್ಟಿದರೆ ಹೆಪ್ಪುಗಟ್ಟುತ್ತದೆ. ಬೆರಳು ಕೊಯ್ದುಕೊಂಡಾಗ ಇದು ನಮ್ಮನ್ನು ಕಾಪಾಡುತ್ತದೆ. ಹೃದಯದ ಆಪರೇಷನ್ನಿನಲ್ಲಿ ಇದೇ ಅಪಾಯ. ಏಕೆಂದರೆ ಹೃದಯವನ್ನು ನಿಲ್ಲಿಸಿ, ದೇಹದ ರಕ್ತವನ್ನೆಲ್ಲ ಪ್ಲಾಸ್ಟಿಕ್ ಕೊಳವೆಗಳ ಮೂಲಕ ಹಾರ್ಟ್-ಲಂಗ್ ಮಷಿನ್ನಿಗೆ ಹರಿಸಿ, ಅಲ್ಲಿ ಆಮ್ಲಜನಕ ತುಂಬಿಸಿ ಹಿಂದಕ್ಕೆ ಕಳಿಸುತ್ತಾರೆ. ಔಷಧಿ ಇಲ್ಲದಿದ್ದರೆ ರಕ್ತ ಆ ಕೊಳವೆಯಲ್ಲೇ ಗಟ್ಟಿಯಾಗುತ್ತದೆ. ಅದಕ್ಕೆ ಹೆಪಾರಿನ್ ಕೊಡುತ್ತಾರೆ. ಜನ ಇದನ್ನು 'ರಕ್ತ ತೆಳು ಮಾಡುವ ಔಷಧಿ' ಎನ್ನುತ್ತಾರೆ. ನಿಜವಾಗಿ ರಕ್ತ ನೀರಾಗುವುದಿಲ್ಲ. ನಮ್ಮ ರಕ್ತದಲ್ಲೇ ಆಂಟಿಥ್ರಾಂಬಿನ್ ಎಂಬ ಪ್ರೋಟೀನ್ ಇದೆ. ಹೆಪ್ಪುಗಟ್ಟುವುದನ್ನು ತಡೆಯುವ ಅದರ ಕೆಲಸವನ್ನು ಹೆಪಾರಿನ್ ಸುಮಾರು ಸಾವಿರ ಪಟ್ಟು ಚುರುಕು ಮಾಡುತ್ತದೆ, ಅಷ್ಟೆ.

ಇದನ್ನು ಕಂಡುಹಿಡಿದವರು ಒಬ್ಬ ವಿದ್ಯಾರ್ಥಿ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮ್ಯಾಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಪ್ರೊಫೆಸರ್ ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದಲ್ಲಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದರು. ಯಕೃತ್ತಿನಿಂದ ತೆಗೆದ ಒಂದು ವಸ್ತು ಅದಕ್ಕೆ ತದ್ವಿರುದ್ಧವಾಗಿ ಹೆಪ್ಪುಗಟ್ಟುವುದನ್ನೇ ತಡೆಯಿತು. ಗ್ರೀಕ್ ಭಾಷೆಯಲ್ಲಿ ಯಕೃತ್ತಿಗೆ ಇರುವ ಪದದಿಂದ ಹೋವೆಲ್ ಹೆಪಾರಿನ್ ಎಂಬ ಹೆಸರು ಕೊಟ್ಟರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಅವರು ಹಾರ್ಟ್-ಲಂಗ್ ಮಷಿನ್ ಬಳಸಿ 18 ವರ್ಷದ ಒಬ್ಬ ಹುಡುಗಿಯ ಹೃದಯದ ರಂಧ್ರ ಮುಚ್ಚಿದರು. ಹೆಪಾರಿನ್ ಇರದಿದ್ದರೆ ಆ ಮಷಿನ್ ಬರೀ ಮಷಿನ್ ಆಗಿಯೇ ಉಳಿಯುತ್ತಿತ್ತು.

ಈಗ ಹೆಪಾರಿನ್ನನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ಇದು ಗೊತ್ತಾದಾಗ ನಮ್ಮ ದಾದಿ ಊಟ ಬಿಟ್ಟು ಕುಳಿತರು. ಮಸೀದಿಯ ಮೌಲಾನಾ ಅವರಿಗೆ ಅಬ್ಬಾ ಫೋನ್ ಮಾಡಿ ಕೇಳಿದರು. ಜೀವ ಉಳಿಸಲು ಬೇರೆ ದಾರಿ ಇಲ್ಲದಾಗ ಅನುಮತಿ ಇದೆ, ತಡ ಮಾಡಬೇಡಿ ಎಂದರು. ದಾದಿ ಆಮೇಲೆ ಊಟ ಮಾಡಿದರು. ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬರಬಹುದು ಎಂದು ಬರೆದೆ.

ಬೈಪಾಸ್‌ಗೆ ಕೊಡುವ ಪ್ರಮಾಣ ಸಣ್ಣದಲ್ಲ. ದೇಹದ ತೂಕದ ಪ್ರತಿ ಕಿಲೋಗೆ 300ರಿಂದ 400 ಯೂನಿಟ್. ಬಡೇ ಅಬ್ಬಾ 65 ಕಿಲೋ. ಅಂದರೆ 19,500ರಿಂದ 26,000 ಯೂನಿಟ್. ಮಲಗಿದ ರೋಗಿಗಳ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಚರ್ಮದ ಕೆಳಗೆ ಒಂದು ಸಲಕ್ಕೆ ಕೊಡುವುದು 5,000. ಆಪರೇಷನ್ ಮುಗಿದ ಮೇಲೆ ಪ್ರೋಟಮೈನ್ ಎಂಬ ಇನ್ನೊಂದು ಔಷಧಿ ಕೊಟ್ಟು ಹೆಪಾರಿನ್ನಿನ ಪ್ರಭಾವವನ್ನು ಅಳಿಸುತ್ತಾರೆ. ಡೆಬಿಟ್‌ಗೆ ಸರಿಯಾಗಿ ಕ್ರೆಡಿಟ್. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಮಂಡಿಯ ಪುಸ್ತಕದಲ್ಲಿ ಪ್ಲೇಟ್ಲೆಟ್ ಲೆಕ್ಕ

ಪ್ಲೇಟ್ಲೆಟ್ ಎಂಬ ಮಾತು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಡೆಂಗೆ ಬಂದ ಮನೆಯಲ್ಲಿ ದಿನಾ ಬೆಳಗ್ಗೆ ಅದೇ ಮಾತು, ಪಪ್ಪಾಯಿ ಎಲೆಯ ರಸ ಕೊಡಿ ಎನ್ನುವ ಸಲಹೆ ಬೇರೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್ಲೆಟ್ ಇರುತ್ತವೆ. ಗಾಯವಾದ ಕಡೆ ಒಂದಕ್ಕೊಂದು ಅಂಟಿಕೊಂಡು ರಂಧ್ರ ಮುಚ್ಚುವುದು ಅವುಗಳ ಕೆಲಸ.

ಬಡೇ ಅಬ್ಬಾ ಅವರ ರಿಪೋರ್ಟ್ ಬಂದಾಗಲೆಲ್ಲ ನಾನು ಮಂಡಿಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಅಭ್ಯಾಸ ಬಲ. ಆಪರೇಷನ್ನಿಗೆ ಮೊದಲು 2,80,000. ಮರುದಿನ 1,60,000. ಎರಡನೇ ದಿನ 1,40,000. ನನಗೆ ಗಾಬರಿಯಾಯಿತು. ಡ್ಯೂಟಿ ಡಾಕ್ಟರ್ ನಕ್ಕು, ಮಷಿನ್ನಿನಲ್ಲಿ ರಕ್ತ ಓಡಿದ ಮೇಲೆ ಎಲ್ಲರಿಗೂ ಇಳಿಯುತ್ತದೆ, ಕೆಲವು ಪ್ಲೇಟ್ಲೆಟ್ ಕೊಳವೆಗಳಲ್ಲಿ ನಷ್ಟವಾಗುತ್ತವೆ, ಜೊತೆಗೆ ರಕ್ತಕ್ಕೆ ಸಲೈನ್ ಬೆರೆತಿರುತ್ತದೆ, ನಾಲ್ಕೈದು ದಿನದಲ್ಲಿ ಏರುತ್ತದೆ ಎಂದರು. ಹಾಗೆಯೇ ಆಯಿತು. ಮೂರನೇ ದಿನ 1,55,000, ನಾಲ್ಕನೇ ದಿನ 1,90,000, ಐದನೇ ದಿನ 2,30,000. ಇನ್ನೆರಡು ದಿನದಲ್ಲಿ ಮನೆಗೆ ಹೋಗಬಹುದು ಎಂದರು.

ಆರನೇ ದಿನ 1,70,000. ಏಳನೇ ದಿನ 95,000. ಅದೇ ದಿನ ಬೆಳಗ್ಗೆ ಅವರ ಎಡಗಾಲು ಊದಿಕೊಂಡಿತ್ತು. ಬೈಪಾಸ್‌ಗೆ ರಕ್ತನಾಳ ತೆಗೆದದ್ದು ಬಲಗಾಲಿನಿಂದ, ಹಾಗಿರುವಾಗ ಎಡಗಾಲು ಏಕೆ ಊದಬೇಕು? ಸ್ಕ್ಯಾನ್ ಮಾಡಿದಾಗ ತೊಡೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಇಲ್ಲಿಯೇ ನನ್ನ ತಲೆ ಕೆಟ್ಟದ್ದು. ಪ್ಲೇಟ್ಲೆಟ್ ಕಮ್ಮಿಯಾದರೆ ರಕ್ತ ಸುರಿಯಬೇಕು, ಡೆಂಗೆಯಲ್ಲಿ ನಾವು ಹೆದರುವುದು ಅದಕ್ಕೇ. ಇಲ್ಲಿ ಪ್ಲೇಟ್ಲೆಟ್ ಕಮ್ಮಿ, ಆದರೂ ಹೆಪ್ಪುಗಟ್ಟಿದೆ. ಅದೂ ಹೆಪ್ಪುಗಟ್ಟದಿರಲಿ ಎಂದು ದಿನಾ ಹೊಟ್ಟೆಗೆ ಹೆಪಾರಿನ್ ಚುಚ್ಚುತ್ತಿರುವಾಗ!

ಈ ತೊಂದರೆಯ ಪೂರ್ತಿ ಹೆಸರು ಹೆಪಾರಿನ್-ಇಂಡ್ಯೂಸ್ಡ್ ಥ್ರಾಂಬೊಸೈಟೊಪೀನಿಯಾ. ವೈದ್ಯರು ಚಿಕ್ಕದಾಗಿ 'ಹಿಟ್' ಎನ್ನುತ್ತಾರೆ. ಅದು ಹೀಗೆ ಆಗುತ್ತದೆ. ಪ್ಲೇಟ್ಲೆಟ್‌ಗಳ ಒಳಗೆ ಪಿ.ಎಫ್. 4 ಎಂಬ ಪ್ರೋಟೀನ್ ಇದೆ. ಅದಕ್ಕೆ ಧನ ವಿದ್ಯುದಂಶ. ಹೆಪಾರಿನ್ ಉದ್ದನೆಯ ಸಕ್ಕರೆಯ ಸರಪಳಿ, ಅದಕ್ಕೆ ಬಲವಾದ ಋಣ ವಿದ್ಯುದಂಶ. ಎರಡೂ ಅಂಟಿಕೊಳ್ಳುತ್ತವೆ. ಆಗ ಪಿ.ಎಫ್. 4ರ ಆಕಾರ ಬದಲಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಗುರುತು ಹಿಡಿಯದೆ, ಹೊರಗಿನ ಶತ್ರು ಎಂದುಕೊಂಡು ಆಂಟಿಬಾಡಿ ತಯಾರಿಸುತ್ತದೆ. ಆ ಆಂಟಿಬಾಡಿಯ ತಲೆ ಈ ಜೋಡಿಯನ್ನು ಹಿಡಿದರೆ ಬಾಲ ಪ್ಲೇಟ್ಲೆಟ್‌ನ ಮೈಮೇಲಿನ ಒಂದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಕೂಡಲೇ ಪ್ಲೇಟ್ಲೆಟ್ ಕೆರಳಿ, ಇನ್ನಷ್ಟು ಪಿ.ಎಫ್. 4 ಸುರಿದು, ಪಕ್ಕದವನ್ನೂ ಕೆರಳಿಸುತ್ತದೆ. ಗಾಯವೇ ಇಲ್ಲದ ಕಡೆ ಹೆಪ್ಪು ಕಟ್ಟುತ್ತದೆ. ಎಣಿಕೆ ಇಳಿಯುವುದು ಪ್ಲೇಟ್ಲೆಟ್‌ಗಳು ಹೀಗೆ ಖರ್ಚಾಗುವುದರಿಂದ. ಮಂಡಿಯ ಮಾತಿನಲ್ಲಿ ಹೇಳುವುದಾದರೆ, ಗೋದಾಮು ಖಾಲಿಯಾಗಿದೆ ನಿಜ, ಆದರೆ ಸರಕು ಕೊಳೆತು ಹೋಗಿಲ್ಲ, ಬೇಡದ ಊರಿಗೆ ಲೋಡ್ ಆಗಿ ಹೋಗಿದೆ.

1958ರಲ್ಲಿ ಅಮೆರಿಕದ ವೈಸ್‌ಮನ್ ಮತ್ತು ಟೋಬಿನ್ ಎಂಬ ವೈದ್ಯರು, ಹೆಪಾರಿನ್ ಪಡೆಯುತ್ತಿರುವಾಗಲೇ ರಕ್ತನಾಳ ಮುಚ್ಚಿಹೋದ 10 ರೋಗಿಗಳ ಬಗ್ಗೆ ಬರೆದರು. ಆಗ ಯಾರಿಗೂ ಕಾರಣ ಹೊಳೆಯಲಿಲ್ಲ. ಆಂಟಿಬಾಡಿಯ ಕೈವಾಡ ಗೊತ್ತಾದದ್ದು 1970ರ ದಶಕದಲ್ಲಿ. ಹೃದಯದ ಆಪರೇಷನ್ ಆದ 100 ಜನರಲ್ಲಿ 1ರಿಂದ 3 ಜನರಿಗೆ ಇದು ಬರುತ್ತದೆ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಬರೀ ಆಂಟಿಬಾಡಿ ಹುಟ್ಟುವುದು ಇದಕ್ಕಿಂತ ಎಷ್ಟೋ ಹೆಚ್ಚು ಜನರಲ್ಲಿ. ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ.

ಹಾಗಾದರೆ ಹೇಗೆ ಕಂಡುಹಿಡಿಯುತ್ತಾರೆ? ಕೆನಡಾದ ಡಾ. ವಾರ್ಕೆಂಟಿನ್ ಅವರ ಹೆಸರಿನೊಂದಿಗೆ ಬರುವ 'ಫೋರ್ ಟೀಸ್' ಎಂಬ ಅಂಕಪಟ್ಟಿ ಇದೆ. ನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 2 ಅಂಕ, ಒಟ್ಟು 8. ಪ್ಲೇಟ್ಲೆಟ್ ಎಷ್ಟು ಪ್ರತಿಶತ ಇಳಿಯಿತು? ಹೆಪಾರಿನ್ ಶುರುವಾದ ಎಷ್ಟನೇ ದಿನ ಇಳಿಯಿತು? ಹೊಸದಾಗಿ ಎಲ್ಲಾದರೂ ಹೆಪ್ಪುಗಟ್ಟಿದೆಯೇ? ಇಳಿಯಲು ಬೇರೆ ಕಾರಣ ಇದೆಯೇ? 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಿಟ್ ಇರುವ ಸಾಧ್ಯತೆ ಕಡಿಮೆ, 6 ಮತ್ತು ಮೇಲೆ ಬಂದರೆ ಹೆಚ್ಚು.

ಬಡೇ ಅಬ್ಬಾ ಅವರ ಲೆಕ್ಕ ಮಾಡೋಣ. 2,30,000ದಿಂದ 95,000ಕ್ಕೆ ಇಳಿದಿದೆ. ವ್ಯತ್ಯಾಸ 1,35,000. ಸುಮಾರು ಶೇ. 59. ಶೇ. 50ಕ್ಕಿಂತ ಹೆಚ್ಚು, ಆದ್ದರಿಂದ 2. ಇಳಿದದ್ದು 5ರಿಂದ 10ನೇ ದಿನದ ಒಳಗೆ, ಆದ್ದರಿಂದ 2. ಕಾಲಿನಲ್ಲಿ ಹೊಸ ಹೆಪ್ಪು, 2. ಬೇರೆ ಕಾರಣ? ಆಪರೇಷನ್ ಆದವರಿಗೆ ಸೋಂಕು ಮುಂತಾದ ಕಾರಣ ಇರಬಹುದು, ಆದ್ದರಿಂದ 1. ಒಟ್ಟು 7.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲ ಪ್ರಶ್ನೆ. ಒಂದು ದಿನದ ಬ್ಯಾಲೆನ್ಸ್ ನೋಡಿದರೆ ಏನೂ ತಿಳಿಯುವುದಿಲ್ಲ. ಒಬ್ಬರಿಗೆ 4,00,000 ಇದ್ದದ್ದು 1,60,000ಕ್ಕೆ ಬಂತು ಎನ್ನಿ. ಲ್ಯಾಬ್ ರಿಪೋರ್ಟಿನಲ್ಲಿ ಅದು 'ನಾರ್ಮಲ್', ಕೆಂಪು ಅಕ್ಷರ ಇರುವುದಿಲ್ಲ. ಆದರೆ ಇಳಿದದ್ದು ಶೇ. 60. ಹೃದಯದ ಆಪರೇಷನ್ ಆದವರಲ್ಲಿ ಇಳಿದು, ಏರಿ, ಮತ್ತೆ ಇಳಿಯುವ ರೀತಿಯೇ ಮುಖ್ಯ ಸುಳಿವು. ಮೊದಲ ಇಳಿತ ಮಷಿನ್ನಿನದು, ಎರಡನೆಯದು ಆಂಟಿಬಾಡಿಯದು ಇರಬಹುದು. ಆರನೇ ದಿನದ 1,70,000 ಕೂಡ 'ನಾರ್ಮಲ್' ಎಂದೇ ಮುದ್ರಿತವಾಗಿತ್ತು. ಅಂದು ನಾನು ಅದನ್ನು ಬರೆದುಕೊಂಡೆನೇ ಹೊರತು ಏಕೆ ಇಳಿಯಿತು ಎಂದು ಕೇಳಲಿಲ್ಲ.

ಕಳೆದ ಮೂರು ತಿಂಗಳಲ್ಲಿ ಹೆಪಾರಿನ್ ಕೊಟ್ಟಿದ್ದರೇ ಎಂದು ಡಾಕ್ಟರ್ ಕೇಳಿದಾಗ ನಾವೆಲ್ಲ ಒಂದೇ ಬಾಯಲ್ಲಿ ಇಲ್ಲ ಎಂದೆವು. ಅವರು ಫೈಲ್ ತಿರುವಿ, ಹಿಂದಿನ ತಿಂಗಳು ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದಾಗಲೂ ಕೊಟ್ಟಿದ್ದಾರೆ ನೋಡಿ ಎಂದರು. ಹಾಗೆ ಕೊಡುವುದು ವಾಡಿಕೆಯಂತೆ. ಇತ್ತೀಚೆಗೆ ಹೆಪಾರಿನ್ ಪಡೆದು ಆಂಟಿಬಾಡಿ ಇನ್ನೂ ರಕ್ತದಲ್ಲಿ ಉಳಿದಿದ್ದರೆ, ಐದು ದಿನ ಕಾಯದೆ, ಒಂದೇ ದಿನದಲ್ಲಿ ಪ್ಲೇಟ್ಲೆಟ್ ಕುಸಿಯಬಹುದು. ಅದಕ್ಕೇ ಆ ಪ್ರಶ್ನೆ.

ಏನು ಮಾಡಬೇಕು, ಏನು ಮಾಡಬಾರದು

ಮೊದಲ ಕೆಲಸ ಹೆಪಾರಿನ್ ನಿಲ್ಲಿಸುವುದು. ಪೂರ್ತಿಯಾಗಿ. ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ನಿಲ್ಲಿಸಿದರೆ ಸಾಲದು. ಕೈಗೆ ಹಾಕಿದ ಸೂಜಿ ಕಟ್ಟಿಕೊಳ್ಳದಿರಲಿ ಎಂದು ಅದರೊಳಗೆ ಹರಿಸುವ ಒಂದೆರಡು ಮಿಲೀ ಹೆಪಾರಿನ್ ನೀರು ಕೂಡ ಲೆಕ್ಕಕ್ಕೆ ಬರುತ್ತದೆ. ಅಷ್ಟು ಸಣ್ಣ ಪ್ರಮಾಣವೂ ಆಂಟಿಬಾಡಿಗೆ ಸಾಕು. ಮಂಚದ ತಲೆಯ ಹತ್ತಿರ 'ಹೆಪಾರಿನ್ ಬೇಡ' ಎಂದು ದೊಡ್ಡದಾಗಿ ಬರೆದು ಅಂಟಿಸಿದರು.

ಆದರೆ ನಿಲ್ಲಿಸಿ ಸುಮ್ಮನಿದ್ದರೂ ಅಪಾಯ ತಪ್ಪುವುದಿಲ್ಲ. ಆಂಟಿಬಾಡಿ ಇನ್ನೂ ರಕ್ತದಲ್ಲಿದೆ, ಪ್ಲೇಟ್ಲೆಟ್‌ಗಳು ಕೆರಳಿಯೇ ಇವೆ. ಆದ್ದರಿಂದ ಹೆಪ್ಪುಗಟ್ಟುವುದನ್ನು ಬೇರೆ ದಾರಿಯಿಂದ ತಡೆಯುವ ಔಷಧಿಯನ್ನು ಅಂದೇ ಶುರು ಮಾಡಬೇಕು. ಅರ್ಗಟ್ರೋಬಾನ್, ಬೈವಲಿರುಡಿನ್, ಫೊಂಡಾಪರಿನಕ್ಸ್ ಎಂಬ ಹೆಸರುಗಳನ್ನು ಕೇಳಿದೆ. ಯಾವುದು ಎಂಬುದು ರೋಗಿಯ ಮೇಲೆ ನಿಂತಿದೆ. ಅರ್ಗಟ್ರೋಬಾನ್ ದೇಹದಿಂದ ಹೊರಹೋಗುವುದು ಯಕೃತ್ತಿನ ಮೂಲಕ, ಫೊಂಡಾಪರಿನಕ್ಸ್ ಕಿಡ್ನಿಯ ಮೂಲಕ. ಬಡೇ ಅಬ್ಬಾ ಅವರಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸ್ವಲ್ಪ ನಿಧಾನ, ಲಿವರ್ ಸರಿ ಇದೆ. ಹಾಗಾಗಿ ಅರ್ಗಟ್ರೋಬಾನ್ ಡ್ರಿಪ್ ಹಾಕಿದರು. ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೂ ಕಾಯಲಿಲ್ಲ. ಅಂಕ 7 ಇರುವಾಗ ಕಾಯುವುದೇ ಅಪಾಯ ಎಂದರು.

ನನ್ನ ಚಾಚಾ ಅವರ ಮಗ ಅಷ್ಟರಲ್ಲಿ ಇಬ್ಬರು ಗೆಳೆಯರನ್ನು ಕರೆದುಕೊಂಡು ಪ್ಲೇಟ್ಲೆಟ್ ದಾನ ಮಾಡಲು ಬಂದಿದ್ದ. ಡಾಕ್ಟರ್ ಬೇಡ ಎಂದರು. ಅವನಿಗೆ ಬೇಜಾರಾಯಿತು, ಡೆಂಗೆಗೆ ಕೊಡುತ್ತಾರಲ್ಲ ಎಂದ. ಇಲ್ಲಿ ಹೊಸ ಪ್ಲೇಟ್ಲೆಟ್ ಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಅವೂ ಕೆರಳಿ ಹೆಪ್ಪಿಗೆ ಸೇರಬಹುದು. ರಕ್ತಸ್ರಾವ ಜೋರಾಗಿದ್ದರೆ ಮಾತ್ರ ಕೊಡುತ್ತಾರೆ.

ಇನ್ನೊಂದು ಬಲೆ ವಾರ್ಫರಿನ್. ಇದರ ಕಥೆ ಸ್ವಾರಸ್ಯವಾಗಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಕೊಳೆತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಬಳಿಗೆ ಬಂದ. ಅಲ್ಲಿಂದ ಶುರುವಾದ ಸಂಶೋಧನೆಯಿಂದ ವಾರ್ಫರಿನ್ ಬಂತು. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ, 1954ರಲ್ಲಿ ಮನುಷ್ಯರಿಗೆ ಔಷಧಿಯಾಗಿ. ಇಂದು ಲೋಹದ ವಾಲ್ವ್ ಹಾಕಿಸಿಕೊಂಡವರೆಲ್ಲ ನುಂಗುವುದು ಇಂಥ ಮಾತ್ರೆಯನ್ನೇ. ಆದರೆ ಹಿಟ್ ಇರುವಾಗ ಅವಸರದಲ್ಲಿ ವಾರ್ಫರಿನ್ ಕೊಡಬಾರದು. ಅದು ಹೆಪ್ಪುಗಟ್ಟಿಸುವ ಅಂಶಗಳನ್ನು ಇಳಿಸುವ ಮೊದಲೇ, ಹೆಪ್ಪು ತಡೆಯುವ ಪ್ರೋಟೀನ್ ಸಿ ಎಂಬುದನ್ನು ಬೇಗ ಇಳಿಸಿಬಿಡುತ್ತದೆ. ಆ ಕೆಲವು ದಿನಗಳಲ್ಲಿ ಕಾಲು ಕೊಳೆತು ಕತ್ತರಿಸುವ ಸ್ಥಿತಿಯೂ ಬಂದದ್ದುಂಟು. ಆದ್ದರಿಂದ ಪ್ಲೇಟ್ಲೆಟ್ 1.5 ಲಕ್ಷ ದಾಟುವವರೆಗೆ ಕಾಯುತ್ತಾರೆ. ಆಮೇಲೂ ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ಕನಿಷ್ಠ 5 ದಿನ ಎರಡೂ ಔಷಧಿಯನ್ನು ಒಟ್ಟಿಗೆ ಕೊಡುತ್ತಾರೆ.

ಒಂದು ಸಂಜೆ ನಾನು ಡಾಕ್ಟರನ್ನು ಕೇಳಿದೆ: ಸರ್, ಇಷ್ಟು ತೊಂದರೆ ಇರುವ ಹೆಪಾರಿನ್ ಬಿಟ್ಟು ಎಲ್ಲರಿಗೂ ಈ ಬೇರೆ ಔಷಧಿಯನ್ನೇ ಕೊಡಬಾರದೇ? ಅವರು, ನೀನು ಕಾಮರ್ಸ್ ತಾನೇ, ಲೆಕ್ಕ ಹಾಕು ಎಂದರು. ಹೆಪಾರಿನ್ ಅಗ್ಗ. ಎಷ್ಟು ಕೆಲಸ ಮಾಡುತ್ತಿದೆ ಎಂದು ಆಪರೇಷನ್ ಟೇಬಲ್ ಪಕ್ಕದಲ್ಲೇ ನಿಮಿಷಗಳಲ್ಲಿ ಅಳೆಯಬಹುದು. ಮುಗಿದ ಮೇಲೆ ಪ್ರೋಟಮೈನ್‌ನಿಂದ ಅಳಿಸಬಹುದು. ಬೇರೆಯವು ದುಬಾರಿ, ಅವುಗಳನ್ನು ಅಳಿಸುವ ಔಷಧಿ ಇಲ್ಲ, ತಾವಾಗಿ ಇಳಿಯುವವರೆಗೆ ರಕ್ತ ಒಸರುತ್ತಿರುತ್ತದೆ. 100ರಲ್ಲಿ 97 ಜನರಿಗೆ ಏನೂ ಮಾಡದ ಔಷಧಿಯನ್ನು ಬಿಡುವುದು ಲಾಭವೋ ನಷ್ಟವೋ? ನಾನು ಸುಮ್ಮನಾದೆ. ಆದರೂ ಉಳಿದ ಮೂವರಲ್ಲಿ ನಮ್ಮವರೊಬ್ಬರು ಇರುವಾಗ ಆ ಲೆಕ್ಕ ಓದಲು ಕಷ್ಟ.

ಹಿಟ್ ಇದ್ದವರಿಗೆ ಮತ್ತೆ ಹೃದಯದ ಆಪರೇಷನ್ ಬೇಕಾದರೆ? ಇಲ್ಲಿ ದೇಹದ ಒಂದು ಆಶ್ಚರ್ಯ ಇದೆ. ದಡಾರದ ಆಂಟಿಬಾಡಿ ಜೀವಮಾನವಿಡೀ ನೆನಪಿಟ್ಟುಕೊಳ್ಳುತ್ತದೆ. ಹಿಟ್‌ನ ಆಂಟಿಬಾಡಿ ಹೆಚ್ಚಾಗಿ ಸುಮಾರು 100 ದಿನಗಳಲ್ಲಿ ಮಾಯವಾಗುತ್ತದೆ. ಮಾಯವಾದ ಮೇಲೆ ಮತ್ತೆ ಹೆಪಾರಿನ್ ಕೊಟ್ಟರೂ ಹೊಸದಾಗಿ ಹುಟ್ಟಲು ಐದಾರು ದಿನವಾದರೂ ಬೇಕು. ಆದ್ದರಿಂದ ಆಪರೇಷನ್ ಮುಂದೂಡಲು ಸಾಧ್ಯವಿದ್ದರೆ ಮೂರು ತಿಂಗಳು ಮುಂದೂಡುತ್ತಾರೆ, ಪರೀಕ್ಷೆ ನೆಗೆಟಿವ್ ಬಂದ ಮೇಲೆ ಆಪರೇಷನ್ನಿನ ಆ ಕೆಲವು ಗಂಟೆ ಮಾತ್ರ ಹೆಪಾರಿನ್ ಕೊಡುತ್ತಾರೆ. ಮೊದಲೂ ಇಲ್ಲ, ಆಮೇಲೂ ಇಲ್ಲ.

ಕಾಯಲು ಆಗದಿದ್ದರೆ ಹಲವು ದಾರಿಗಳಿವೆ, ಯಾವುದೂ ಸುಲಭವಲ್ಲ. ಮಷಿನ್ ಇಲ್ಲದೆ, ಬಡಿಯುತ್ತಿರುವ ಹೃದಯದ ಮೇಲೆಯೇ ಬೈಪಾಸ್ ಮಾಡಬಹುದು, ಆಗಲೂ ಹೆಪಾರಿನ್ ಬದಲು ಬೇರೆ ಔಷಧಿ ಬೇಕು. ರೋಗಿಯ ಪ್ಲಾಸ್ಮಾ ಬದಲಿಸಿ ಆಂಟಿಬಾಡಿ ಕಡಿಮೆ ಮಾಡಬಹುದು. ಹೆಪಾರಿನ್ ಕೊಡುವ ಹೊತ್ತಿನಲ್ಲಿ ಪ್ಲೇಟ್ಲೆಟ್‌ಗಳನ್ನೇ ಸ್ವಲ್ಪ ಕಾಲ ಮಲಗಿಸುವ ಔಷಧಿ ಕೊಡಬಹುದು. ಅಥವಾ ಮಷಿನ್ನಿನಲ್ಲಿಯೂ ಬೈವಲಿರುಡಿನ್ ಬಳಸಬಹುದು. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತುವಿನ ಮಾದರಿಯಲ್ಲಿ ತಯಾರಾದದ್ದು ಇದು. ರಕ್ತದಲ್ಲಿ ಇದರ ಅರ್ಧ ಭಾಗ ಸುಮಾರು 25 ನಿಮಿಷದಲ್ಲಿ ಮುಗಿಯುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ನೇ ಇದನ್ನು ಕತ್ತರಿಸಿ ಹಾಕುತ್ತದೆ. ಹೀಗಾಗಿ ಕೊಳವೆಯಲ್ಲಿ ಎಲ್ಲಾದರೂ ರಕ್ತ ನಿಂತರೆ ಅಲ್ಲಿರುವ ಔಷಧಿ ಖರ್ಚಾಗಿ ಹೆಪ್ಪು ಕಟ್ಟುತ್ತದೆ. ಮಷಿನ್ ನಡೆಸುವ ಪರ್ಫ್ಯೂಷನಿಸ್ಟ್ ಒಂದು ಮೂಲೆಯಲ್ಲಿಯೂ ರಕ್ತ ನಿಲ್ಲದಂತೆ ಸುತ್ತಿಸುತ್ತಲೇ ಇರಬೇಕು. ಇಂಥದೊಂದು ವೃತ್ತಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ವಿಜ್ಞಾನ ವಿಭಾಗದವರು ಮೆಡಿಕಲ್ ಸೀಟ್ ಒಂದನ್ನೇ ನೋಡದೆ ಇದನ್ನೂ ನೋಡಬಹುದು.

ಬಡೇ ಅಬ್ಬಾ ಅವರಿಗೆ ಡ್ರಿಪ್ ಶುರುವಾದ ಐದನೇ ದಿನ ಪ್ಲೇಟ್ಲೆಟ್ 1,65,000 ಆಯಿತು. ಆಮೇಲೆ ವಾರ್ಫರಿನ್ ಶುರು ಮಾಡಿದರು. ಕಾಲಿನ ಊತ ಇಳಿಯಲು ತಿಂಗಳು ಹಿಡಿಯಿತು. ಡಿಸ್ಚಾರ್ಜ್ ಕಾಗದದ ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಿಟ್ ಎಂದು ಬರೆದಿತ್ತು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎನಿಸಿ, ನಾನು ಒಂದು ರಟ್ಟಿನ ಮೇಲೆ ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ 'ಇವರಿಗೆ ಹೆಪಾರಿನ್ ಕೊಡಬೇಡಿ' ಎಂದು ಬರೆದು, ದಿನಾಂಕ ಹಾಕಿ, ಲ್ಯಾಮಿನೇಷನ್ ಮಾಡಿಸಿ ಅವರ ಕಿಸೆಗೆ ಹಾಕಿದೆ. ಉರ್ದು ಯಾವ ಡಾಕ್ಟರಿಗೆ ಎಂದು ಅಮ್ಮಿ ನಕ್ಕರು. ಅದು ಡಾಕ್ಟರಿಗಲ್ಲ, ಬಡೇ ಅಮ್ಮಿಗೆ.

ಎರಡು ತಿಂಗಳಾದ ಮೇಲೆ ಅವರಿಗೆ ಜ್ವರ ಬಂದು ಹತ್ತಿರದ ಒಂದು ನರ್ಸಿಂಗ್ ಹೋಂಗೆ ಸೇರಿಸಿದೆವು. ರಾತ್ರಿ ಹತ್ತು ಗಂಟೆ. ಡ್ರಿಪ್ ಮುಗಿದ ಮೇಲೆ ಸಿಸ್ಟರ್ ಒಂದು ಸಣ್ಣ ಸಿರಿಂಜ್ ತಂದು ಕೈಯ ಸೂಜಿಗೆ ಜೋಡಿಸಲು ಹೊರಟರು. ಅದೇನು ಸಿಸ್ಟರ್ ಎಂದೆ. ಏನಿಲ್ಲಪ್ಪ, ಸೂಜಿ ಬ್ಲಾಕ್ ಆಗದೆ ಇರಲಿ ಅಂತ ಹೆಪಾರಿನ್ ಅಷ್ಟೇ ಎಂದರು. ಬಡೇ ಅಬ್ಬಾ ನಿದ್ದೆಯಲ್ಲಿದ್ದರು. ಬಡೇ ಅಮ್ಮಿ ನನಗಿಂತ ಮೊದಲು ಎದ್ದು, ಕನ್ನಡ ಬಾರದೆ, ಬರೀ "ನಹೀ, ನಹೀ" ಎನ್ನುತ್ತಾ ಅವರ ಕಿಸೆಯಿಂದ ಆ ಕಾರ್ಡ್ ತೆಗೆದು ಹಿಡಿದರು. ಸಿಸ್ಟರ್ ಓದಿದರು. ಸಿರಿಂಜ್ ಬದಿಗಿಟ್ಟು, ಬರೀ ಸಲೈನ್ ತಂದು ಹರಿಸಿದರು. ಹೋಗುವಾಗ ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ಅದನ್ನೇ ಬರೆದರು.

ಮರುದಿನದ ರಿಪೋರ್ಟ್ 2,45,000. ಮಂಡಿಯ ಪುಸ್ತಕದ ಅದೇ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ.